ಯಜಮಾನರ ಕೈಯಲ್ಲಿದ್ದ ರಿಮೋಟು

"ಇನ್ನೊಂದು ಸಲ ಒತ್ತಿ," ಅಂದರು ಇನ್ಸ್‌ಪೆಕ್ಟರು.

ದಫೇದಾರರು ಒತ್ತಿದರು. ರಿಮೋಟು ಇನ್ನೂ ಮೊಹರು ಹಾಕಿದ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಚೀಲದ ಮೇಲಿಂದಲೇ ಪವರ್ ಗುಂಡಿಯನ್ನು ಹೆಬ್ಬೆರಳು ಬೆಳ್ಳಗಾಗುವಷ್ಟು ಅದುಮಿದರು. ಗೂಡಿನಲ್ಲಿ ಕೂತಿದ್ದ, ಸ್ಪೀಕರುಗಳನ್ನು ನಡೆಸುವ ಕರಿಯ ರಿಸೀವರ್ ಕಮಕ್ ಕಿಮಕ್ ಅನ್ನಲಿಲ್ಲ.

"ಸೆಲ್ ಹೋಗಿರಬೇಕು ಸರ್."

"ಮೊನ್ನೆಯಿಂದ ಚೀಲದಲ್ಲಿ ನಿದ್ದೆ ಮಾಡ್ತಾ ಇದೆ. ಅಷ್ಟು ಬೇಗ ಎಲ್ಲಿಗೆ ಹೋಗುತ್ತೆ?"

ಇನ್ಸ್‌ಪೆಕ್ಟರು ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಗೆ ಹಿಡಿದರು. ಬರಿಗಣ್ಣಿಗೆ ಕಾಣದ ಬೆಳಕು ಕ್ಯಾಮೆರಾಕ್ಕೆ ಕಾಣುತ್ತದೆ. ದಫೇದಾರರು ಒತ್ತಿದಾಗಲೆಲ್ಲ ಮೊಬೈಲಿನ ಪರದೆಯ ಮೇಲೆ ನೇರಳೆ ಚುಕ್ಕೆಯೊಂದು ಮಿನುಗಿತು. ಅಂದರೆ ರಿಮೋಟು ಕೂಗುತ್ತಿದೆ. ರಿಸೀವರಿಗೆ ಕೇಳಿಸುತ್ತಿಲ್ಲ ಅಷ್ಟೇ. ಅದರ ಮೈಮೇಲಿನ ಗುಂಡಿ ಒತ್ತಿದರೆ ಮಾತ್ರ ಒಳ್ಳೆಯ ಕೂಸಿನ ಹಾಗೆ ಎದ್ದು ಕೂರುತ್ತಿತ್ತು.

ಟಾಕೀಸು ಯಜಮಾನರು ಮೊನ್ನೆ ರಾತ್ರಿ, ಮನೆಯ ನೆಲಮಾಳಿಗೆಯಲ್ಲಿ ಸಿನಿಮಾ ನೋಡಲೆಂದೇ ಕಟ್ಟಿಸಿಕೊಂಡಿದ್ದ ಈ ಕೋಣೆಯಲ್ಲಿ, ಈ ಕುರ್ಚಿಯ ಪಕ್ಕದಲ್ಲಿ, ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದು ಸತ್ತಿದ್ದರು. ಮುಷ್ಟಿಯಲ್ಲಿ ಇದೇ ರಿಮೋಟು ಇತ್ತು. ಅವರ ಕಿರಿಮಗ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿನ ಮುಂದೆ ನಿಲ್ಲಿಸಬೇಕು.

ಹುಡುಗನ ಮೇಲೆ ಬಂದಿದ್ದ ಅಪವಾದವೆಲ್ಲ ಒಂದು ಸದ್ದಿನ ಮೇಲೆ ನಿಂತಿತ್ತು. ಆ ರಾತ್ರಿ ಊಟದ ಮನೆಯಲ್ಲಿ ಮೂವರು ಕೂತಿದ್ದರು: ಯಜಮಾನರ ಮಗಳು, ಅಳಿಯ, ಮತ್ತು ಮನೆಯಲ್ಲೆಲ್ಲ 'ಅತ್ತೆ' ಅಂತಲೇ ಕರೆಸಿಕೊಳ್ಳುವ ಯಜಮಾನರ ತಂಗಿ. ಊಟದ ನಡುವೆ ಕೆಳಗಿನ ಸಿನಿಮಾದ ಸದ್ದು ತಟ್ಟನೆ ಏರಿ, ಮೇಜಿನ ಮೇಲಿನ ಲೋಟಗಳು ಕಿಣಿಕಿಣಿ ಅಂದವು. "ಅಪ್ಪ ಎದ್ದ್ರು ಅನ್ಸುತ್ತೆ," ಅಂದಳು ಮಗಳು. ಸದ್ದು ಮಾಡಿದವರು ಬದುಕಿರಲೇಬೇಕಲ್ಲ. ಸ್ವಲ್ಪ ಹೊತ್ತಿಗೆ ಕಿರಿಮಗ ಮುಂಬಾಗಿಲಿಂದ ಬಂದ, ಸೀದಾ ಕೆಳಗಿಳಿದ, ಕಿರುಚಿಕೊಂಡ. ನಡುವೆ ಬೇರೆ ಯಾರೂ ಇಳಿದಿಲ್ಲ. ಡಾಕ್ಟರು ಸಾವಿನ ಹೊತ್ತನ್ನು ಖಚಿತವಾಗಿ ಹೇಳಲಾರೆ ಅಂದಿದ್ದರಿಂದ ಆ ಸದ್ದೇ ಗಡಿಯಾರವಾಗಿತ್ತು.

ಈಗ ನೋಡಿದರೆ ಸದ್ದು ಮಾಡಿದ ರಿಮೋಟಿಗೆ ಸದ್ದು ಮಾಡಲು ಬರುತ್ತಲೇ ಇಲ್ಲ.

"ಆ ಡ್ರಾಯರಲ್ಲಿ ಕೈಪಿಡಿ ಇರಬೇಕು, ಕೊಡಿ ಇಲ್ಲಿ," ಅಂದರು ಇನ್ಸ್‌ಪೆಕ್ಟರು.

ದಫೇದಾರರು ಮನಸ್ಸಿನಲ್ಲೇ ತಲೆ ಚಚ್ಚಿಕೊಂಡರು. ಇಲಾಖೆಯಲ್ಲಿ ಈ ಇನ್ಸ್‌ಪೆಕ್ಟರಿಗೆ 'ಚಾಳೀಸು' ಅಂತ ಅಡ್ಡಹೆಸರು. ಸಣ್ಣ ಅಕ್ಷರ ಎಲ್ಲಿ ಕಂಡರೂ ಚಾಳೀಸು ಕನ್ನಡಕವನ್ನು ಮೂಗಿನ ತುದಿಗೆ ಏರಿಸಿ ಕೂತುಬಿಡುವರು. ಮನೆಗೆ ಮಿಕ್ಸಿ ತಂದ ದಿನ ಕೈಪಿಡಿ ಪೂರ್ತಿ ಓದಿ ಮುಗಿಸುವವರೆಗೆ ಹೆಂಡತಿಗೆ ಅದನ್ನು ಮುಟ್ಟಲು ಬಿಟ್ಟಿರಲಿಲ್ಲವಂತೆ. ಆಯಮ್ಮ ಅಂದಿನ ಅಡುಗೆಗೆ ರುಬ್ಬುವುದನ್ನೇ ಬಿಟ್ಟರಂತೆ.

ಇಂಥ ಕೈಪಿಡಿಯ ಮೊದಲ ನಾಲ್ಕು ಪುಟ ಎಲ್ಲರೂ ಓದುತ್ತಾರೆ. ಚಾಳೀಸು ಕೊನೆಯ ಅಧ್ಯಾಯದಿಂದ ಶುರು ಮಾಡಿದರು. ಬಳಕೆದಾರರು ಸಾಮಾನ್ಯವಾಗಿ ಇದನ್ನು ಮುಟ್ಟಬೇಕಾಗಿಲ್ಲ ಎಂದು ಅದರ ತಲೆಯ ಮೇಲೇ ಬರೆದಿತ್ತು. ಅದು ಅವರಿಗೆ ಇನ್ನಷ್ಟು ಇಷ್ಟವಾಯಿತು.

ರಿಸೀವರನ್ನು ಆರಿಸಬೇಕು. ಮುಂಭಾಗದ ಒಂದು ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪವರ್ ಗುಂಡಿ ಒತ್ತಬೇಕು. ಆಗ ದಿನಬಳಕೆಯ ಪಟ್ಟಿಯ ಬದಲು ಒಳಗಿನ ಪಟ್ಟಿ ತೆರೆದುಕೊಳ್ಳುತ್ತದೆ. ಇನ್ಸ್‌ಪೆಕ್ಟರು ಮಂಡಿಯೂರಿ ಕೂತು ಹಾಗೇ ಮಾಡಿದರು. ಕಿರಿದಾದ ಕಿಟಕಿಯಲ್ಲಿ ಹಸಿರು ಅಕ್ಷರಗಳು ಮೂಡಿದವು. ಸ್ಪೀಕರಿಗೆ ಸಂಬಂಧಪಟ್ಟದ್ದು ಒಂದು, ಟಿವಿಗೆ ಸಂಬಂಧಪಟ್ಟದ್ದು ಒಂದು, ಆಮೇಲೆ ಎಲ್ಲವನ್ನೂ ಅಳಿಸಿ ಹೊಸದರ ಹಾಗೆ ಮಾಡುವುದು ಒಂದು.

"ಇದನ್ನ ಒತ್ತಲಾ ಸರ್?"

"ಒತ್ತಿ. ಒತ್ತಿದ ಮೇಲೆ ಇಬ್ಬರೂ ಮನೆಗೆ ಹೋಗಿ ಮಲಗೋಣ. ಕೇಸಲ್ಲಿ ಏನೂ ಉಳಿದಿರಲ್ಲ."

ದಫೇದಾರರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಮುಂದಿನದು ರಿಮೋಟ್ ಐಡಿ. ಅದರ ಎದುರಿಗೆ 'ಎರಡು' ಅಂತ ಇತ್ತು.

ಇನ್ಸ್‌ಪೆಕ್ಟರು ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಇನ್ನೊಮ್ಮೆ ನೋಡಿದರು. ಎರಡೇ. ಕಾರ್ಖಾನೆಯಿಂದ ಬರುವಾಗ ಎಲ್ಲಕ್ಕೂ ಒಂದನೇ ನಂಬರು ಇರುತ್ತದೆ ಎಂದಿತ್ತು ಕೈಪಿಡಿ. ಒಂದೇ ಮನೆಯಲ್ಲಿ ಒಂದೇ ಕಂಪನಿಯ ಎರಡು ರಿಸೀವರುಗಳಿದ್ದರೆ ಒಂದನ್ನು ಕರೆದಾಗ ಎರಡೂ ಓಗೊಡುತ್ತವೆ. ಆ ತಂಟೆ ಬೇಡವೆಂದರೆ ಒಂದಕ್ಕೆ, ಅದರ ರಿಮೋಟಿಗೂ ಸೇರಿಸಿ, ಎರಡನೇ ನಂಬರು ಕೊಡಬೇಕು.

"ಮೇಲೆ ಊಟದ ಮನೇಲಿ ಹಾಡು ಕೇಳೋದಕ್ಕೆ ಚಿಕ್ಕದೊಂದು ಇದೆಯಲ್ಲ, ಅದೂ ಇದೇ ಕಂಪನಿಯದಾ?"

"ಇದರ ತಮ್ಮನ ಹಾಗೇ ಇದೆ ಸರ್. ಸಾವಾದಾಗಿಂದ ಯಾರೂ ಹಚ್ಚಿಲ್ಲ."

"ಮೇಲೆ ಹೋಗಿ. ಅದರ ರಿಮೋಟು ತಗೊಂಡು ಪವರ್ ಒತ್ತಿ. ಆಮೇಲೆ ಸದ್ದು ಏರಿಸಿ. ಯಾರಾದ್ರೂ ಕೇಳಿದ್ರೆ ನಾನು ಹೇಳಿದೆ ಅನ್ನಿ."

ದಫೇದಾರರ ಬೂಟಿನ ಸದ್ದು ಮೆಟ್ಟಿಲ ಮೇಲೆ ಕರಗಿತು. ಇನ್ಸ್‌ಪೆಕ್ಟರು ಯಂತ್ರವನ್ನು ಆರಿಸಿ, ಯಜಮಾನರ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡರು.

ಕಿಟಕಿಯಲ್ಲಿ ಹಸಿರು ಅಕ್ಷರ ತಾನಾಗಿ ಮೂಡಿತು. ರಿಸೀವರ್ ಎದ್ದರೆ ಪ್ಲೇಯರೂ ಎದ್ದು, ಸಿನಿಮಾ ನಿಲ್ಲಿಸಿದ ಜಾಗದಿಂದಲೇ ಶುರುವಾಗುವಂತೆ ಯಜಮಾನರು ಎರಡನ್ನೂ ಜೋಡಿಸಿದ್ದರು. ಹಿಂದಿನ ಗೋಡೆಯ ಸ್ಪೀಕರಿನಿಂದ ರೈಲೊಂದು ಹೊರಟು, ತಲೆಯ ಮೇಲೆ ಹಾದು, ಮುಂದಿನ ಗೋಡೆಯೊಳಗೆ ನುಗ್ಗಿತು. ಸದ್ದು ಏರಿತು, ಇನ್ನೂ ಏರಿತು. ಇನ್ಸ್‌ಪೆಕ್ಟರಿಗೆ ಗೊತ್ತಿದ್ದೂ ಎದೆ ಝಲ್ ಅಂದಿತು.

ದಫೇದಾರರು ಏದುಸಿರು ಬಿಡುತ್ತ ಇಳಿದು ಬಂದರು. "ಮೇಲಿನದು ಏಳಲೇ ಇಲ್ಲ ಸರ್. ಕೆಳಗೆ ರೈಲು ಹೊರಟುಬಿಡ್ತು."

"ಗೋಡೇಲಿ ರಿಮೋಟಿನ ಬೆಳಕನ್ನ ಕೆಳಗೆ ದಾಟಿಸೋ ಕಣ್ಣಿನಂಥದ್ದು ಏನಾದ್ರೂ ಇದೆಯಾ?"

"ಕಡಲೆಕಾಳಿನಷ್ಟು, ಕರ್ರಗೆ ಇದೆ. ಯಜಮಾನರಿಗೆ ಮಂಡಿ ನೋವಂತೆ. ಕೆಳಗೆ ಆರಿಸೋದು ಮರೆತು ಊಟಕ್ಕೆ ಬಂದ್ರೆ ಅಲ್ಲಿಂದಲೇ ಆರಿಸೋಕೆ ಅಂತ ಹಾಕಿಸಿಕೊಂಡಿದ್ದರಂತೆ. ಅಳಿಯಂದಿರು ಹೇಳಿದ್ರು."

ಲೆಕ್ಕ ಸರಳವಾಗಿತ್ತು. ಯಾರೋ ಊಟದ ಮನೆಯ ರಿಮೋಟಿಗೆ ಎರಡನೇ ನಂಬರು ಹಾಕಿದ್ದರು. ಮೇಜಿನ ಕೆಳಗೆ ಕೈ ಇಟ್ಟುಕೊಂಡು, ಮೇಲೆ ಊಟ ಮಾಡುತ್ತಲೇ ಸದ್ದು ಏರಿಸಿದ್ದರು. ಹಾಗಾದರೆ ಆ ಹೊತ್ತಿಗೆ ಯಜಮಾನರು ಬದುಕಿದ್ದರೆಂದು ಹೇಳಲು ಏನೂ ಉಳಿಯಲಿಲ್ಲ. ಕಿರಿಮಗನ ಕುತ್ತಿಗೆಯ ಕುಣಿಕೆ ಸಡಿಲವಾಯಿತು, ಮೇಜಿನ ಸುತ್ತ ಕೂತಿದ್ದ ಮೂವರ ಕುತ್ತಿಗೆಗೆ ಬಂತು.

ಇನ್ನೊಂದು ಗಂಟು ಉಳಿದಿತ್ತು. ಯಜಮಾನರ ರಿಮೋಟು ತನ್ನ ನಂಬರನ್ನು ಬಿಟ್ಟಿದ್ದು ಯಾಕೆ? ಉತ್ತರ ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಇತ್ತು. ಸೆಲ್ಲುಗಳನ್ನು ತೆಗೆದು ಒಂದಷ್ಟು ಹೊತ್ತು ಹಾಗೇ ಬಿಟ್ಟರೆ ರಿಮೋಟು ನಂಬರನ್ನು ಮರೆತು ಮತ್ತೆ ಒಂದಕ್ಕೆ ಹೋಗುತ್ತದೆ.

"ಈ ಮನೇಲಿ ರಿಮೋಟಿನ ಸೆಲ್ ತೆಗೆಯೋರು ಯಾರು?"

ದಫೇದಾರರು ಯೋಚಿಸಲೇ ಇಲ್ಲ. "ಅತ್ತೆಯವರು. ಮೊದಲ ದಿನ ಟಾರ್ಚು ಕೇಳಿದೆ, ಬರೀ ಡಬ್ಬ ಕೊಟ್ಟರು. ಆಮೇಲೆ ಸೊಂಟದ ಚೀಲದಿಂದ ಸೆಲ್ ತೆಗೆದು ಕೊಟ್ಟರು. ಒಳಗೇ ಬಿಟ್ಟರೆ ನೀರೊಡೆದು ಹಾಳಾಗುತ್ತೆ ಅಂತೆ. ಟಾರ್ಚು, ರೇಡಿಯೋ, ಯಾವುದನ್ನೂ ಬಿಡಲ್ಲ."

"ಕರೀರಿ."

ಅತ್ತೆ ಕೈ ಒರೆಸಿಕೊಳ್ಳುತ್ತ ಇಳಿದು ಬಂದರು. ಸಣಕಲು ಮೈ, ಬಿಗಿಯಾಗಿ ಕಟ್ಟಿದ ಬಿಳಿಗೂದಲು, ಸೊಂಟದಲ್ಲಿ ಬಟ್ಟೆಯ ಚೀಲ, ಬೀಗದ ಕೈ ಗೊಂಚಲು. ತಾಯಿಯಿಲ್ಲದ ಕಿರಿಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಸಾಕಿದವರು ಇವರೇ. ಮೊನ್ನೆಯಿಂದ ಎರಡು ಹೊತ್ತೂ ಸ್ಟೇಷನ್ನಿಗೆ ಊಟದ ಡಬ್ಬಿ ಬರುತ್ತಿದ್ದುದು ಇವರ ಕೈಯಿಂದ. ಅಣ್ಣ ಸತ್ತಿದ್ದ ಕುರ್ಚಿಯ ಕಡೆ ಅವರು ನೋಡಲಿಲ್ಲ.

"ಕೂತ್ಕೊಳಿ ಅಮ್ಮಾ. ಊಟದ ಹೊತ್ತಿನ ಸದ್ದು ಕೆಳಗಿಂದ ಮಾಡಿದ್ದಲ್ಲ, ಮೇಲಿಂದ ಮಾಡಿದ್ದು ಅಂತ ಗೊತ್ತಾಯ್ತು."

ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ತಡ, ಮುಖವೆಲ್ಲ ಬೆಳಗಿತು. ಸಂತೋಷವನ್ನು ಮುಚ್ಚಿಡುವ ಗೋಜಿಗೇ ಹೋಗಲಿಲ್ಲ.

"ಹಾಗಾದ್ರೆ ಪುಟ್ಟನ್ನ ಬಿಡ್ತೀರಾ? ನಾಳೆ ಕೋರ್ಟಿಗೆ ಕರ್ಕೊಂಡು ಹೋಗಲ್ಲ ತಾನೇ?"

"ಒಂದೆರಡು ಮಾತು ಕೇಳಿಬಿಡ್ತೀನಿ. ಅಣ್ಣನವರ ರಿಮೋಟಿನ ಸೆಲ್ ತೆಗೆದದ್ದು ನೀವಾ?"

"ನಾನೇ. ಅದಕ್ಕೇನು? ಸಂಜೆ ದೀಪ ಹಾಕೋಕೆ ಬಂದಿದ್ದೆ. ಅಣ್ಣ ಸಿನಿಮಾ ಹಾಕ್ಕೊಂಡು ಕುರ್ಚೀಲೇ ನಿದ್ದೆ ಹೋಗಿದ್ದ. ಎಚ್ಚರ ಆದ್ರೆ ಸದ್ದು ಏರಿಸಿ ಕೂತ್ಕೋತಾನೆ, ಆಮೇಲೆ ತಲೆನೋವು, ಎಲ್ಲರ ಮೇಲೂ ಹರಿಹಾಯೋದು. ಚೆನ್ನಾಗಿ ನಿದ್ದೆ ಮಾಡಿ ಎದ್ರೆ ಮಾತಾಡಿಸಬಹುದು ಅಂತ ಸೆಲ್ ತೆಗೆದುಬಿಟ್ಟೆ."

"ಏನು ಮಾತಾಡಿಸೋದಿತ್ತು?"

"ಪುಟ್ಟನ ವಿಷಯ. ಇನ್ನೇನು?"

ಪುಟ್ಟನ ವಿಷಯ ಊರಿಗೆಲ್ಲ ಗೊತ್ತಿತ್ತು. ಯಜಮಾನರ ಟಾಕೀಸು ಮುಚ್ಚಿದ ಮೇಲೆ ಅವರು ಉಳಿಸಿಕೊಂಡಿದ್ದ ಹಳೆಯ ಪ್ರೊಜೆಕ್ಟರನ್ನು ಹುಡುಗ ಕೇಳದೆ ಗುಜರಿಗೆ ಹಾಕಿದ್ದ. ಅಂದಿನಿಂದ ಅಪ್ಪ ಅವನಿಗೆ ಹೊಸಿಲು ತುಳಿಯಬೇಡ ಅಂದಿದ್ದರು.

"ಸೆಲ್ ಮತ್ತೆ ಹಾಕಿದಿರಾ?"

"ಎಲ್ಲಿ ಹಾಕಿದೆ? ಇಲ್ಲೇ ಇವೆಯಲ್ಲ." ಅತ್ತೆ ಸೊಂಟದ ಚೀಲಕ್ಕೆ ಕೈ ಹಾಕಿ ಎರಡು ಪೆನ್ಸಿಲ್ ಸೆಲ್ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದರು. ಎರಡರ ಮೇಲೂ ಉಗುರಿನ ಬಣ್ಣದ ಎರಡೆರಡು ಕೆಂಪು ಚುಕ್ಕೆಗಳಿದ್ದವು. "ನನ್ನ ಗುರುತು. ಹೊಸದಕ್ಕೆ ಒಂದು ಚುಕ್ಕೆ, ಅರ್ಧ ಸವೆದದ್ದಕ್ಕೆ ಎರಡು. ಅಣ್ಣನ ಮಗಳು ನಗ್ತಾಳೆ, ನಗಲಿ."

ಇನ್ಸ್‌ಪೆಕ್ಟರು ದಫೇದಾರರ ಮುಖ ನೋಡಿದರು. ಬೆರಳಚ್ಚಿನವರ ಕೆಲಸ ಎಂದೋ ಮುಗಿದಿತ್ತು. ಇಬ್ಬರ ಎದುರಿಗೆ ಚೀಲದ ಮೊಹರು ಒಡೆದು, ರಿಮೋಟಿನ ಬೆನ್ನಿನ ಮುಚ್ಚಳ ಸರಿಸಿದರು. ಒಳಗೆ ಎರಡು ಸೆಲ್ಲುಗಳಿದ್ದವು. ಒಂದೊಂದರ ಮೇಲೂ ಒಂದೊಂದು ಕೆಂಪು ಚುಕ್ಕೆ.

"ಯಾರೋ ಖಾಲಿ ರಿಮೋಟು ನೋಡಿ ಗಾಬರಿಯಾಗಿದ್ದಾರೆ," ಅಂದರು ಇನ್ಸ್‌ಪೆಕ್ಟರು ನಿಧಾನವಾಗಿ. "ಸೆಲ್ಲೇ ಇಲ್ಲದ ರಿಮೋಟು ಹಿಡಿದು ಯಜಮಾನರು ಸದ್ದು ಏರಿಸಿದ್ರು ಅಂದ್ರೆ ಯಾರು ನಂಬ್ತಾರೆ? ಅದಕ್ಕೆ ಬೇರೆ ಸೆಲ್ ತಂದು ಹಾಕಿ, ಅವರ ಕೈಗೆ ಕೊಟ್ಟಿದ್ದಾರೆ. ರಿಮೋಟು ನಂಬರು ಮರೆಯುತ್ತೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಈ ಸೆಲ್ ಎಲ್ಲಿಂದ ಬಂತು ಹೇಳ್ತೀರಾ ಅಮ್ಮಾ? ಗುರುತು ನಿಮ್ಮದೇ."

"ಕೊಡಿ ಇಲ್ಲಿ." ಅತ್ತೆ ಹಗುರವಾಗಿಯೇ ಕೈ ಚಾಚಿ ಆ ಸೆಲ್ಲುಗಳನ್ನು ತೆಗೆದುಕೊಂಡರು. ಹುಡುಗನನ್ನು ಬಿಡಿಸಿಕೊಂಡು ಬರುವ ಸಡಗರ ಇನ್ನೂ ಮುಖದಲ್ಲಿತ್ತು. "ಹೊಸ ಸೆಲ್ ಅಂದ್ರೆ ಮೊನ್ನೆ ಮಧ್ಯಾಹ್ನ ತಂದದ್ದು ಒಂದೇ ಜೊತೆ. ಅದನ್ನ ಪುಟ್ಟನ ಅಲಾರಮ್ಮಿಗೆ..."

ಮಾತು ಅಲ್ಲಿಗೇ ನಿಂತಿತು. ಮುಖದಲ್ಲಿದ್ದ ಬೆಳಕು ಇಳಿಯಿತು. ಅವರು ಅಂಗೈಯನ್ನು ಮೆಲ್ಲಗೆ ಮಡಚಿ ಸೆಲ್ಲುಗಳನ್ನು ಮುಚ್ಚಿಕೊಂಡರು.

"ದಫೇದಾರ್ರೇ, ಹುಡುಗನ ಕೋಣೆಯಲ್ಲಿ ಅಲಾರಂ ಗಡಿಯಾರ ಇದೆಯಾ ನೋಡಿ."

"ಬೀಗ ಹಾಕಿದೆ ಸರ್. ಮೊನ್ನೆಯಿಂದಲೂ ಹಾಕೇ ಇದೆ."

"ಬೀಗದ ಕೈ ಕೊಡಿ ಅಮ್ಮಾ."

ಗೊಂಚಲಿನಿಂದ ಒಂದು ಕೀಲಿ ಬಿಡಿಸಲು ಅತ್ತೆ ತುಂಬ ಹೊತ್ತು ತೆಗೆದುಕೊಂಡರು. ಇನ್ಸ್‌ಪೆಕ್ಟರು ಅವಸರ ಮಾಡಲಿಲ್ಲ. ಅವರಿಗೆ ಈ ಮುದುಕಿಯನ್ನು ನೋಡಿ ಮರುಕವೇ ಆಯಿತು, ಆದರೆ ಮರುಕಕ್ಕೆ ವರದಿಯಲ್ಲಿ ಜಾಗ ಇರಲಿಲ್ಲ.

ಹುಡುಗನ ಕೋಣೆ ನೆಲಮಾಳಿಗೆಯ ಮೆಟ್ಟಿಲಿಗೆ ಅಂಟಿಕೊಂಡೇ ಇತ್ತು. ದಫೇದಾರರು ಗಡಿಯಾರ ಹಿಡಿದು ಬಂದರು. ಬೆನ್ನಿನ ಡಬ್ಬಿ ಖಾಲಿ. ಮುಳ್ಳುಗಳು ಎಂಟಕ್ಕೆ ಕಾಲು ಗಂಟೆ ಇರುವಂತೆ ನಿಂತಿದ್ದವು. ಊಟಕ್ಕೆ ಕೂತದ್ದು ಅದಾದ ಮೇಲೆ.

"ಮನೆಗೇ ಬರದ ಹುಡುಗನ ಗಡಿಯಾರಕ್ಕೆ ಮೊನ್ನೆ ಹೊಸ ಸೆಲ್ ಯಾಕೆ ಹಾಕಿದಿರಿ?"

ಅತ್ತೆ ಬೀಗದ ಕೈ ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅವನು ಬರ್ತಾನೆ ಅಂತ ನಿಮಗೆ ಗೊತ್ತಿತ್ತು."

"ನಾನೇ ಕರೆಸಿದ್ದೆ. ಸಂಜೇನೇ ಬಂದ. ಹಿಂಬಾಗಿಲು ತೆಗೆದು ಒಳಗೆ ಬಿಟ್ಟುಕೊಂಡೆ. ಎಷ್ಟು ಸೊರಗಿದ್ದ ಗೊತ್ತಾ? ತಟ್ಟೆಗೆ ಬಡಿಸಿ ಕೊಟ್ಟೆ, ತಲೆ ಎತ್ತದೆ ತಿಂದ. ಮಲಗು ಅಂದೆ. ಅಣ್ಣ ನೋಡಿಬಿಟ್ರೆ ಅಂತ ಹೊರಗಿಂದ ಬೀಗ ಹಾಕಿ, ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಂಟು ಹೊಡೆದ ಮೇಲೆ ಬಿಟ್ಟೆ. ಹಿಂದಿಂದ ಹೋಗು, ಸ್ವಲ್ಪ ಹೊತ್ತು ಬಿಟ್ಟು ಈಗ ತಾನೇ ಊರಿಂದ ಬಂದ ಹಾಗೆ ಮುಂಬಾಗಿಲಿಂದ ಬಾ, ಊಟ ಆದ ಮೇಲೆ ಅಪ್ಪನ ಕಾಲು ಹಿಡ್ಕೋ ಅಂದೆ. ಇಷ್ಟೇ ನಡೆದದ್ದು."

"ಗಡಿಯಾರ ನಿಂತಾಗ ಅವನು ಒಳಗಿದ್ದ. ಬಾಗಿಲಿಗೆ ಬೀಗ. ಬೇರೆ ಕೀಲಿ ಇದೆಯಾ?"

"ಇಲ್ಲ."

ಹೇಳಿದ ಮೇಲೆ ಅತ್ತೆಗೆ ತಾನೇನು ಹೇಳಿದೆ ಎಂಬುದು ಕೇಳಿಸಿತು. ಸೆಲ್ ತೆಗೆಯಲು ಒಳಗೆ ಅವನೊಬ್ಬನೇ ಇದ್ದ, ಅಂದರೆ ಬೀಗ ಬೀಳುವ ಮೊದಲೇ ಕೆಳಗಿಳಿದು ಖಾಲಿ ರಿಮೋಟು ನೋಡಿದ್ದ. ಬೀಗ ಹಾಕಿ ಕಾಪಾಡಲು ಹೋದವರು, ಅದೇ ಬೀಗದೊಳಗೆ ಹುಡುಗನನ್ನು ಕೂಡಿಹಾಕಿದ್ದರು.

"ನಾನೇ ತೆಗೆದದ್ದು," ಅಂದರು ಅತ್ತೆ.

"ಏನನ್ನ?"

"ಗಡಿಯಾರದ ಸೆಲ್. ಅವನು ನಿದ್ದೆಯಲ್ಲಿದ್ದ, ಬಾಗಿಲು ತೆಗೆದು ಎತ್ತಿಕೊಂಡೆ. ರಿಮೋಟಿಗೆ ನಾನೇ ಹಾಕಿದೆ. ಊಟದ ಮನೇಲಿ ಸದ್ದು ಏರಿಸಿದ್ದೂ ನಾನೇ. ಅಣ್ಣನ್ನ... ಅದೂ ನಾನೇ. ಬರ್ಕೊಳಿ. ಪುಟ್ಟನ್ನ ಇವತ್ತೇ ಬಿಡಿ."

ದಫೇದಾರರು ಅವಾಕ್ಕಾದರು. ಇನ್ಸ್‌ಪೆಕ್ಟರು ಆಗಲಿಲ್ಲ. ಮಕ್ಕಳ ತಪ್ಪನ್ನು ಮೈಮೇಲೆ ಎಳೆದುಕೊಳ್ಳುವ ಹೆಂಗಸರನ್ನು ಅವರು ಸಾಕಷ್ಟು ನೋಡಿದ್ದರು. ಇಂಥ ಸುಳ್ಳನ್ನು ಹೊಗಳಬೇಕು ಅನಿಸಿದರೂ ಅಲ್ಲಿಗಲ್ಲಿಗೇ ಮುರಿದುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ವಕೀಲರ ಕೈಯಲ್ಲಿ ಅದು ಬೆಳೆಯುತ್ತದೆ.

"ಆಯ್ತು," ಅಂದರು ಅವರು. ಸೆಲ್ಲುಗಳನ್ನು ಇಸಿದುಕೊಂಡು ರಿಮೋಟಿಗೆ ಹಾಕಿ, ಅತ್ತೆಯ ಮುಂದೆ ಹಿಡಿದರು. "ಸದ್ದು ಏರಿಸಿದ್ದು ನೀವಾದ್ರೆ ಊಟದ ಮನೆಯ ರಿಮೋಟಿಗೆ ಎರಡನೇ ನಂಬರು ಹಾಕಿದ್ದೂ ನೀವೇ. ಇದೂ ಅದೇ ಥರದ್ದು. ಇದಕ್ಕೂ ಹಾಕಿ ತೋರಿಸಿ. ಈ ಕೆಲಸಕ್ಕೆ ನನಗೆ ಕನ್ನಡಕ, ಕೈಪಿಡಿ, ಅರ್ಧ ಗಂಟೆ ಬೇಕಾಗಿತ್ತು. ಆಗದಿದ್ರೆ ಆಗಲ್ಲ ಅನ್ನಿ, ಹೇಳಿದ್ದನ್ನೆಲ್ಲ ಮರೆತುಬಿಡೋಣ."

ರಿಮೋಟಿನ ಮೇಲೆ ಐವತ್ತಕ್ಕೂ ಹೆಚ್ಚು ಗುಂಡಿಗಳಿದ್ದವು. ಅತ್ತೆ ಅದನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹುಡುಕಲಿಲ್ಲ. ಬೆಳಕಿಗೂ ಹಿಡಿಯಲಿಲ್ಲ.

ಹೆಬ್ಬೆರಳು ಸೀದಾ ಮೂಲೆಯ ಸೆಟಪ್ ಗುಂಡಿಗೆ ಹೋಗಿ ಒತ್ತಿ ಹಿಡಿಯಿತು. ಕೆಂಪು ದೀಪ ಎರಡು ಸಲ ಮಿಟುಕುವವರೆಗೆ ಕಾಯಿತು. ಆಮೇಲೆ ಅಂಕಿಗಳ ಮೇಲೆ ಓಡಾಡಿತು, ಎಲ್ಲೂ ತಡವರಿಸದೆ, ಕಾಳು ಆರಿಸುವ ಬೆರಳಿನ ಹಾಗೆ. ಕೊನೆಗೆ ಪವರ್ ಒತ್ತಿದರು.

ಗೂಡಿನಲ್ಲಿ ಹಸಿರು ಅಕ್ಷರ ಮೂಡಿತು. ಹಿಂದಿನ ಗೋಡೆಯಿಂದ ಮತ್ತೆ ರೈಲಿನ ಸದ್ದು ಹೊರಟಿತು. ಇನ್ಸ್‌ಪೆಕ್ಟರ ಕನ್ನಡಕ ಮೂಗಿನ ತುದಿಯಿಂದ ಜಾರಿ ದಾರದಲ್ಲಿ ನೇತಾಡಿತು.

"ಸೆಲ್ ತೆಗೆದಾಗಲೆಲ್ಲ ಇದು ನಂಬರು ಮರೀತಿತ್ತು," ಅಂದರು ಅತ್ತೆ, ರೈಲಿನ ಸದ್ದಿನ ನಡುವೆ. "ಅಣ್ಣ ಕೂಗಾಡ್ತಿದ್ದ. ಕೊನೆಗೆ ಬೇಜಾರಾಗಿ ನನಗೇ ಕಲಿಸಿದ. ಆಮೇಲೆ ನಾನೇ ತೆಗೀತಿದ್ದೆ, ನಾನೇ ಸರಿಮಾಡಿ ಇಡ್ತಿದ್ದೆ. ನನ್ನ ಮಾತು ನಂಬ್ತೀರಲ್ಲ ಈಗ?"

ನಂಬಲು ಅಡ್ಡಿಯೇನೂ ಕಾಣಲಿಲ್ಲ, ಒಂದನ್ನು ಬಿಟ್ಟು. ಸೆಲ್ ತೆಗೆದರೆ ರಿಮೋಟು ನಂಬರು ಮರೆಯುತ್ತದೆ ಎಂದು ಇಷ್ಟು ಚೆನ್ನಾಗಿ ಬಲ್ಲ ಹೆಂಗಸು, ಹೆಣದ ಕೈಗೆ ನಂಬರು ಮರೆತ ರಿಮೋಟನ್ನು ಕೊಡುತ್ತಿರಲಿಲ್ಲ. ಕೊಟ್ಟವರಿಗೆ ಅರ್ಧ ಮಾತ್ರ ಗೊತ್ತಿತ್ತು. ನಂಬರು ಹಾಕುವುದು ಗೊತ್ತಿತ್ತು, ಅದು ಅಳಿಸಿಹೋಗುವುದು ಗೊತ್ತಿರಲಿಲ್ಲ. ಯಾರೋ ಪಕ್ಕದಲ್ಲಿ ಕೂತು ಅರ್ಧ ಪಾಠ ಕಲಿತಿದ್ದರು, ಅತ್ತೆಯ ಪಕ್ಕದಲ್ಲಿ ಕೂತು ಬೆಳೆದವನು ಒಬ್ಬನೇ. ಊಟದ ಮನೆಯ ರಿಮೋಟನ್ನು ಕಿಟಕಿಯ ಹೊರಗಿಂದ ಒತ್ತಿದರೂ ಗೋಡೆಯ ಕಣ್ಣಿಗೆ ಸಾಕಿತ್ತು.

"ಅಮ್ಮಾ," ಅಂದರು ಇನ್ಸ್‌ಪೆಕ್ಟರು, "ನಂಬರು ಹಾಕೋದನ್ನ ನೀವು ಯಾರಿಗಾದ್ರೂ ಹೇಳಿಕೊಟ್ಟಿದ್ರಾ?"

ಅತ್ತೆ ಅವರನ್ನೇ ನೋಡಿದರು. ಕಣ್ಣು ತುಂಬಿತ್ತು. ಹೆಬ್ಬೆರಳು ಮಾತ್ರ ಸದ್ದಿನ ಗುಂಡಿಯ ಮೇಲೆ ಹೋಗಿ ಒತ್ತಿ ಹಿಡಿಯಿತು.

ಸದ್ದು ಏರಿತು. ಮೇಲೆ ಊಟದ ಮನೆಯಲ್ಲಿ ಲೋಟಗಳು ಕಿಣಿಕಿಣಿ ಅಂದವು, ಯಾರೋ ಕುರ್ಚಿ ಸರಿಸಿ ಎದ್ದರು. ಇನ್ಸ್‌ಪೆಕ್ಟರು ಬಾಗಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ರೈಲು ಅವರಿಬ್ಬರ ನಡುವೆ ಹಾದುಹೋಗುತ್ತಿತ್ತು, ಅತ್ತೆ ಗುಂಡಿಯಿಂದ ಬೆರಳು ತೆಗೆಯಲಿಲ್ಲ.